ಬೀದರಿನ ಕಪ್ಪು, ಬೀದರಿನ ಬಿಳುಪು

ಬೀದರಿನ ಚೌಬಾರಾ ಎಂಬ ಹಳೆಯ ಕಾವಲು ಗೋಪುರದ ಆಸುಪಾಸಿನ ಗಲ್ಲಿಗಳಲ್ಲಿ ಬೆಳಗಿನ ಹೊತ್ತು ಅಡ್ಡಾಡಿದರೆ ಸಣ್ಣ ಸುತ್ತಿಗೆಗಳ ಟಕಟಕ ಸದ್ದು ಕೇಳಿಸುತ್ತದೆ. ಸತುವಿನ ವಸ್ತುಗಳಿಗೆ ಬೆಳ್ಳಿ ಕೂರಿಸುವ ಬಿದ್ರಿ ಕಲೆಯ ಕಾರ್ಖಾನೆಗಳ ದಾರಿ ಕಂಡುಕೊಳ್ಳಲು ಆ ಸದ್ದೇ ಸಾಕು. ಕಾರ್ಖಾನೆಯೆಂದರೆ ಮನೆಯ ಮುಂದಿನ ಕೋಣೆ. ನೆಲದ ಮೇಲೆ ಕುಳಿತ ಮೂರ್ನಾಲ್ಕು ಜನ, ಅವರ ಮುಂದೆ ಉಳಿ, ಅರ, ಬೆಳ್ಳಿಯ ತಂತಿ.

ಕೆಲಸದಲ್ಲಿ ಹುರುಪು ಬತ್ತಿದ ದಿನಗಳಲ್ಲಿ 'ಒಳ್ಳೆಯದನ್ನೇ ಯೋಚಿಸು' ಎಂದು ಹಿತೈಷಿಗಳು ಹೇಳುತ್ತಾರೆ. ಒಳ್ಳೆಯ ಯೋಚನೆ ತಾನಾಗಿ ಹುಟ್ಟಬೇಕಾದರೆ ಒಳ್ಳೆಯ ಕೆಲಸವೊಂದನ್ನು ಹತ್ತಿರ ಕುಳಿತು ನೋಡಬೇಕು ಎಂಬುದು ನನ್ನ ನಂಬಿಕೆ. ಅದಕ್ಕೇ ರಾತ್ರಿ ರೈಲು ಹತ್ತಿ ಬೀದರಿಗೆ ಬಂದಿದ್ದೆ.

ಆ ಕೋಣೆಯ ಹಿರಿಯರು ಒಂದು ಹೂದಾನಿಯನ್ನು ಕೈಗೆತ್ತಿಕೊಂಡರು. ಬಹುಪಾಲು ಸತು, ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿದ್ದು. ಅದಕ್ಕೆ ಮೈಲುತುತ್ತದ ನೀರು ಬಳಿದಾಗ ಮೈ ಕಪ್ಪಾಯಿತು. ಗೀಚಿದ ಗೆರೆ ಕಾಣಲೆಂದು ಬಳಿದ ತಾತ್ಕಾಲಿಕ ಕಪ್ಪು ಇದು. ಯಾವ ನಕ್ಷೆಯನ್ನೂ ಎದುರಿಗೆ ಇಟ್ಟುಕೊಳ್ಳದೆ ಅವರು ಬಳ್ಳಿ ಬರೆದರು, ಎಲೆ ಬರೆದರು. ಪಕ್ಕದ ಹುಡುಗ ಆ ಗೆರೆಗಳನ್ನು ಉಳಿಯಿಂದ ಕೊರೆದ. ಇನ್ನೊಬ್ಬರು ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಇಟ್ಟು ತಟ್ಟಿ ಕೂರಿಸಿದರು. ತಂತಿ ಕೂದಲಿಗಿಂತ ಅಷ್ಟೇನೂ ದಪ್ಪವಿರಲಿಲ್ಲ.

ಮುಂದಿನ ಹಂತ ನೋಡಿ ನನಗೆ ಕಳವಳವೇ ಆಯಿತು. ಬೆಳ್ಳಿ ಕೂರಿಸಿದ ಮತ್ತೊಂದು ಹೂದಾನಿಯನ್ನು ಮತ್ತೆ ಅರದಿಂದ ಉಜ್ಜಿದಾಗ ಕಪ್ಪೆಲ್ಲ ಹೋಯಿತು. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಅಷ್ಟು ಹೊತ್ತು ಮಾಡಿದ ಬಳ್ಳಿ ಕಣ್ಣಿಗೆ ಬೀಳದಂತಾಯಿತು.

"ಚಾಚಾ, ಹೂವೆಲ್ಲ ಹೋಯಿತಲ್ಲ?" ಎಂದೆ.

"ಎಲ್ಲಿಗೆ ಹೋಗುತ್ತದೆ ಬೇಟಿ, ಒಳಗೇ ಇದೆ" ಎಂದು ನಕ್ಕರು.

ಆಮೇಲೆ ಬಂದದ್ದು ಕೋಟೆಯ ಮಣ್ಣು. ತಲೆಮಾರುಗಳಿಂದ ಬಿಸಿಲು, ಮಳೆ ತಾಗದ ಹಳೆಯ ಗೋಡೆಗಳ ಮೂಲೆಯಿಂದ ತಂದ ಮಣ್ಣು. ಚಾಚಾ ಚಿಟಿಕೆಯಷ್ಟನ್ನು ನಾಲಿಗೆಗೆ ಇಟ್ಟುಕೊಂಡು ತಲೆಯಾಡಿಸಿದರು. ಕೆಲಸಕ್ಕೆ ಬರುವ ಮಣ್ಣು ಯಾವುದೆಂದು ಅವರಿಗೆ ಹೇಳುವುದು ರುಚಿ. ಮಣ್ಣಿಗೆ ನವಸಾಗರ ಸೇರಿಸಿ, ನೀರಲ್ಲಿ ಕಲಸಿ, ಬಿಸಿ ಮಾಡಿದ ಹೂದಾನಿಗೆ ಉಜ್ಜಿದರು. ತೊಳೆದಾಗ ಸತುವಿನ ಮೈ ಕಾಡಿಗೆ ಕಪ್ಪಾಗಿತ್ತು. ಬೆಳ್ಳಿ ಮಾತ್ರ ಆ ಮಣ್ಣಿಗೆ ಜಗ್ಗಲಿಲ್ಲ. ಬಳ್ಳಿ, ಎಲೆ, ಮೊಗ್ಗು, ಒಂದೂ ಬಿಡದೆ ಹೊರಗೆ ಬಂದವು. ದಿನವೂ ಇದನ್ನೇ ನೋಡುವ ಆ ಹುಡುಗನೂ ಕೊರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ.

ಈ ಊರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸುದ್ದಿಯಾಯಿತು, ಸಂತೋಷವೇ. ಆದರೆ ದಿನಗಟ್ಟಲೆ ಕೈಯಲ್ಲಿ ಕೊರೆದ ವಸ್ತುವಿಗೆ ಈಗಲೂ ಚೌಕಾಸಿ ನಡೆಯುತ್ತದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಕೋಟೆಗೆ ಹೋದೆ. ರಂಗೀನ್ ಮಹಲ್‌ಗೆ ಬೀಗವಿರುತ್ತದೆ. ಸಿಬ್ಬಂದಿಯನ್ನು ಕೇಳಿದರೆ ತೆರೆದು ತೋರಿಸುತ್ತಾರೆ, ಕೇಳದೆ ಹಿಂದಿರುಗಬೇಡಿ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಾಗಿಲವಾಡದ ಮುಂದೆ ನಿಂತಾಗ ಬೆಳಗಿನ ಕೋಣೆಯೇ ನೆನಪಾಯಿತು. ಅಲ್ಲಿ ಸತುವಿನಲ್ಲಿ ಬೆಳ್ಳಿ, ಇಲ್ಲಿ ಕಲ್ಲಿನಲ್ಲಿ ಚಿಪ್ಪು. ಕಪ್ಪಿನ ಮೇಲೆ ಬಿಳಿ ಮಿನುಗಬೇಕೆಂಬ ಆಸೆ ಮಾತ್ರ ಒಂದೇ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ, 1472ರಲ್ಲಿ ಮುಗಿದ ಮದರಸಾ ಊರೊಳಗೇ ಇದೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅದರ ಒಂದು ಭಾಗವೇ ಕುಸಿಯಿತು; ಉಳಿದ ಮಿನಾರಿನಲ್ಲಿ ನೀಲಿ ಹೆಂಚುಗಳ ತುಣುಕುಗಳು ಇನ್ನೂ ಹೊಳೆಯುತ್ತವೆ.

ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ದೊರೆ ಅಹ್ಮದ್ ಶಾ ವಲಿಯ ಗೋರಿಯೊಳಗೆ ಕತ್ತಲು. ಮೊಬೈಲ್ ಬೆಳಕು ಮೇಲೆ ಹಾಯಿಸಿದೆ. ಗುಮ್ಮಟದ ಒಳಗೆಲ್ಲ ಕೆಂಪು, ಚಿನ್ನದ ಬಣ್ಣದ ಚಿತ್ತಾರ. ಈ ದೊರೆಯನ್ನು ಅಲ್ಲಮಪ್ರಭುವೆಂದು ನಂಬಿ ಬರುವ ಲಿಂಗಾಯತರೂ ವಲಿ, ಅಂದರೆ ಸಂತ, ಎಂದು ಬರುವ ಮುಸ್ಲಿಮರೂ ಇಲ್ಲಿ ಒಂದೇ ಜಾತ್ರೆ ಮಾಡುತ್ತಾರೆ. ಕುತ್ತಿಗೆ ನೋಯುವವರೆಗೆ ಮೇಲೆ ನೋಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಕಂಡ ಬಳ್ಳಿಯೊಂದನ್ನು ಪುಸ್ತಕದಲ್ಲಿ ಬರೆಯಲು ಯತ್ನಿಸಿದೆ.

ಊರಿಗೆ ಮರಳಿದ ಮೇಲೂ ಸಂಜೆ ಕಚೇರಿಯಿಂದ ಬಂದು ಒಂದು ಎಲೆಯನ್ನೋ ಹೂವನ್ನೋ ಬರೆಯುತ್ತೇನೆ. ಮಗಳು ಪಕ್ಕದಲ್ಲಿ ಕುಳಿತು ಬಣ್ಣ ತುಂಬುತ್ತಾಳೆ. ಮರದ ಗೊಂಬೆ ಮಾಡುವುದನ್ನು ನೋಡಬೇಕೆಂದು ಹಟ ಹಿಡಿದಿದ್ದಾಳೆ. ರಜೆ ಸಿಕ್ಕೊಡನೆ ಇಬ್ಬರೂ ಕೊಪ್ಪಳದ ಕಿನ್ನಾಳಕ್ಕೆ ಹೊರಡುತ್ತೇವೆ.