ಮಲ್ಲೇಶ್ವರದ ಪಿನ್‌ಕೋಡ್ ಅವಿಭಾಜ್ಯವೇ?

ಮಲ್ಲೇಶ್ವರದ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್‌ಗಾಗಿ ಸಾಲಿನಲ್ಲಿ ನಿಂತಿದ್ದಾಗ, ಲಕೋಟೆಯ ಮೂಲೆಯಲ್ಲಿ ನಾನೇ ಬರೆದಿದ್ದ 560003 ಅವಿಭಾಜ್ಯ ಸಂಖ್ಯೆಯೇ ಎಂಬ ಸಂದೇಹ ಹುಟ್ಟಿತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದದ್ದು ಪತ್ರಗಳನ್ನು ವಿಂಗಡಿಸುವುದಕ್ಕೇ ಹೊರತು ಇಂಥ ಕೆಲಸಕ್ಕಲ್ಲ ಎಂಬುದು ಗೊತ್ತಿದ್ದರೂ, ಜೇಬಿನಲ್ಲಿದ್ದ ದಿನಸಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಆರಂಭಿಸಿದೆ.

ಕೊನೆಯ ಅಂಕಿ 3 ಆದ್ದರಿಂದ 2 ಮತ್ತು 5 ಹೋದವು. ಅಂಕಿಗಳ ಮೊತ್ತ 14 ಆದ್ದರಿಂದ 3 ಹೋಯಿತು. 56 ಏಳರ ಮಗ್ಗಿಯಲ್ಲಿರುವುದರಿಂದ 7ಕ್ಕೆ 3 ಶೇಷ ಉಳಿಯಿತು. ನೆರೆಯ ಸಂಖ್ಯೆಗಳೂ ನೆರವಾದವು. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಾದ ಜಿಪಿಒದ 560001 ಎಂದರೆ 3 × 13 × 83 × 173. ಆದ್ದರಿಂದ ಈ ನಾಲ್ಕೂ ಸಂಖ್ಯೆಗಳಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ ಶೇಷ 2 ಉಳಿಯಲೇಬೇಕು. ಬಸವನಗುಡಿಯ 560004 ಅನ್ನು 23 ನಿಶ್ಶೇಷವಾಗಿ ಭಾಗಿಸುವುದರಿಂದ ಅದನ್ನೂ ಬಿಡಬಹುದು. 560003ರ ವರ್ಗಮೂಲ 748ಕ್ಕಿಂತ ತುಸು ಹೆಚ್ಚು, ಅಲ್ಲಿಯವರೆಗೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು ಒಟ್ಟು 132. ನನ್ನ ಸರದಿ ಬಂದಾಗ ನಾನಿನ್ನೂ 43ರಲ್ಲಿದ್ದೆ.

ಉಳಿದದ್ದನ್ನು ಮನೆಯಲ್ಲಿ ಮುಂದುವರಿಸಿ, 200 ದಾಟುವ ಹೊತ್ತಿಗೆ ಇದು ಅವಿಭಾಜ್ಯವೇ ಸರಿ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ. ಐವತ್ತೈದನೆಯ ಅವಿಭಾಜ್ಯವಾದ 257 ಆ ತೀರ್ಪನ್ನು ತಳ್ಳಿಹಾಕಿತು: 257 × 2179 = 560003. ಎರಡೂ ಅಪವರ್ತನಗಳು ಅವಿಭಾಜ್ಯಗಳೇ. ಹೀಗಾಗಿ ಈ ಸಂಖ್ಯೆಗೆ ಇರುವುದು ನಾಲ್ಕೇ ಭಾಜಕಗಳು; ಮೂರು ಹೆಜ್ಜೆ ಹಿಂದಿನ 560000ಕ್ಕೆ ಎಂಬತ್ತಿವೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 257. ಎರಡರ ಎಂಟನೆಯ ಘಾತಕ್ಕೆ ಒಂದು ಕೂಡಿಸಿದರೆ ಸಿಗುವ ಇದು, ಈವರೆಗೆ ತಿಳಿದಿರುವ ಐದೇ ಐದು ಫರ್ಮಾ ಅವಿಭಾಜ್ಯಗಳಲ್ಲಿ, ಅಂದರೆ ಎರಡರ ಯಾವುದಾದರೂ ಘಾತಕ್ಕಿಂತ ಒಂದು ಹೆಚ್ಚಿರುವ ಬೆಸ ಅವಿಭಾಜ್ಯಗಳಲ್ಲಿ, ನಾಲ್ಕನೆಯದು (ಉಳಿದವು 3, 5, 17 ಮತ್ತು 65537). ಗಣಿತಜ್ಞ ಗೌಸ್‌ನ ಸಿದ್ಧಾಂತದ ಪ್ರಕಾರ 257 ಬಾಹುಗಳ ಕ್ರಮಬಹುಭುಜವನ್ನು ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದಲೇ ರಚಿಸಬಹುದು. ಭಾಗಾಕಾರದಲ್ಲೂ ಇದರಿಂದ ಅನುಕೂಲವಿದೆ. ನಮ್ಮ ಹತ್ತರ ಪದ್ಧತಿಯಲ್ಲಿ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆದು ನೋಡುವುದರಿಂದ 11 ಹೇಗೆ ಸುಲಭವೋ, 256ರ ಗುಂಪುಗಳಲ್ಲಿ ಎಣಿಸಿದರೆ 257 ಹಾಗೆಯೇ ಸುಲಭ. 560003ರಲ್ಲಿ 256ರ 2187 ಗುಂಪುಗಳಿದ್ದು, 131 ಉಳಿಯುತ್ತದೆ. 2187ರಿಂದ 131 ಕಳೆದರೆ 2056, ಅದು 257ರ ಎಂಟರಷ್ಟು. ಎರಡು ಸಾಲಿನ ಲೆಕ್ಕ! ಇದು ಮೊದಲೇ ಹೊಳೆದಿದ್ದರೆ ಚೀಟಿಯಲ್ಲಿ ಅರ್ಧ ಜಾಗ ಉಳಿಯುತ್ತಿತ್ತು. ಅಂದ ಹಾಗೆ, ಆ 2187 ಮೂರರ ಏಳನೆಯ ಘಾತ.

257 ಅನ್ನು 16ರ ವರ್ಗ ಮತ್ತು 1ರ ವರ್ಗಗಳ ಮೊತ್ತವಾಗಿ ಬರೆಯಬಹುದು. ಆದರೆ 2179 ಅನ್ನು ನಾಲ್ಕರಿಂದ ಭಾಗಿಸಿದಾಗ 3 ಉಳಿಯುವುದರಿಂದ ಅದಕ್ಕೆ ಆ ಗುಣವಿಲ್ಲ, ಅದೇ ಶೇಷ ಉಳಿಸುವ 560003ಕ್ಕೂ ಇಲ್ಲ.