ನಡುವಿನ ಗೆರೆ ಮಸುಕಾದ ದಿನ

ಕಾಸರಗೋಡಿನ ನಮ್ಮ ಕಾಲೇಜಿನ ಹಿಂದೆ ಒಂದು ಸೈಕಲ್ ಶೆಡ್ ಇತ್ತು. ಅದಕ್ಕೆ ಅಲೆ ಅಲೆಯಾದ ತಗಡಿನ ಮಾಡು. ಫಿಸಿಕ್ಸ್ ಸರ್ ಒಂದು ದಿನ ಇಡೀ ಕ್ಲಾಸನ್ನು ಅದರ ಅಡಿಯಲ್ಲಿ ನಿಲ್ಲಿಸಿದರು. "ಈ ಶೀಟು ನೋಡಿ. ಚಪ್ಪಟೆ ಬಂದ ಬೆಳಕಿನ ಅಲೆ ಹೀಗೆ ಏರಿಳಿತ ಹೊತ್ತುಕೊಂಡು ಹೊರಗೆ ಬರ್ತದೆ. ಇಷ್ಟು ತಲೆಗೆ ಹೋದರೆ ರಾಮನ್-ನಾಥ್ ಅರ್ಧ ಮುಗಿಯಿತು." ಶಬ್ದ ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬ ಲೆಕ್ಕಕ್ಕೆ ಆ ಹೆಸರು.

ಉಳಿದರ್ಧ ಲ್ಯಾಬಿನಲ್ಲಿ. ಗಾಜಿನ ತೊಟ್ಟಿಯಲ್ಲಿ ಸೀಮೆಎಣ್ಣೆ, ಅದರೊಳಗೆ ಕ್ವಾರ್ಟ್ಜ್ ಹರಳು. ಅದರಿಂದ ಸೆಕೆಂಡಿಗೆ 20 ಲಕ್ಷ ಸಲ ಅದುರುವ ಶಬ್ದ, ಕಿವಿಗೆ ಕೇಳಿಸುವುದೇ ಇಲ್ಲ. ಎಣ್ಣೆಯಲ್ಲಿ ಸಾಂದ್ರ ಪಟ್ಟಿ, ತೆಳು ಪಟ್ಟಿ ಸಾಲಾಗಿ ಏಳುತ್ತವೆ. ಸೋಡಿಯಂ ದೀಪದ ಬೆಳಕು ಅದನ್ನು ಅಡ್ಡ ಹಾಯ್ದರೆ, ಒಂದು ಹಳದಿ ಗೆರೆ ಇದ್ದಲ್ಲಿ ಎರಡೂ ಬದಿಗೆ ಗೆರೆಗಳು! ಶಬ್ದವನ್ನು ಜೋರು ಮಾಡುತ್ತಾ ಹೋದೆ. ನಡುವಿನ ಗೆರೆ ಮಸುಕಾಯಿತು, ಪಕ್ಕದವು ಬೆಳಗಿದವು. ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

ಈ ಗೆರೆಗಳನ್ನು 1932ರಲ್ಲೇ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕ್ವಾರ್ ನೋಡಿದ್ದರು. ಆದರೆ ಒಂದು ಗೆರೆ ಕುಂದಿದಾಗ ಇನ್ನೊಂದು ಯಾಕೆ ಬೆಳಗಬೇಕು? ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ 1935-36ರಲ್ಲಿ ಅದಕ್ಕೆ ಲೆಕ್ಕ ಕೊಟ್ಟರು. ಶಬ್ದ ಬೆಳಕಿನ ಬಲವನ್ನು ಮುಟ್ಟುವುದಿಲ್ಲ, ಅದರ ಹಂತವನ್ನು, ಅಂದರೆ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದನ್ನು, ಮಾತ್ರ ಹಿಂದೆ ಮುಂದೆ ಮಾಡುತ್ತದೆ. ಇಷ್ಟು ಹಿಡಿದರೆ ಸಾಕು, ಪ್ರತಿ ಗೆರೆಯ ಹೊಳಪು ಅದರದರ ಬೆಸೆಲ್ ಫಲನದ (ಏರಿಳಿಯುತ್ತಾ ಕುಗ್ಗುವ ಒಂದು ಗಣಿತದ ಫಲನ) ವರ್ಗವಾಗಿ ಬರುತ್ತದೆ. ಹಂತದ ಓಲಾಟ 2.405 ರೇಡಿಯನ್ ಮುಟ್ಟಿದಾಗ ನಡುವಿನ ಗೆರೆಯ ಫಲನ ಸೊನ್ನೆ. ಅಲ್ಲಿ ನಡುವಿನ ಗೆರೆ ಇಲ್ಲವೇ ಇಲ್ಲ! ಇಷ್ಟು ಚಂದದ ಲೆಕ್ಕ ನಾನು ಜಾಸ್ತಿ ಕಂಡಿಲ್ಲ.

ಅವರ ಲೇಖನಗಳು ಅಚ್ಚಾದದ್ದು ಬೆಂಗಳೂರಿನ ಪತ್ರಿಕೆಯಲ್ಲೇ. ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯದು ಅದು. ಸರ್ ಇದನ್ನು ಪ್ರತಿ ವರ್ಷವೂ ಹೇಳುತ್ತಿದ್ದರಂತೆ.

ಮುಂದೆ ನಾನೂ ಅಲೆಗಳ ಚದುರುವಿಕೆಯನ್ನೇ ಸಂಶೋಧನೆಗೆ ಆರಿಸಿಕೊಂಡೆ. ಮೊದಲ ಲೇಖನಕ್ಕೆ ಎರಡು ವರ್ಷದಲ್ಲಿ ನಾಲ್ಕೇ ಸೈಟೇಷನ್, ಅಂದರೆ ಬೇರೆಯವರ ನಾಲ್ಕು ಲೇಖನಗಳಲ್ಲಿ ಮಾತ್ರ ಅದರ ಉಲ್ಲೇಖ. ಬೇಜಾರಾಗಿ ಸರ್ ಮನೆಗೆ ಹೋದೆ. ಅವರು ಸಮಾಧಾನ ಹೇಳಲಿಲ್ಲ. "ಆ ನಾಲ್ಕು ಜನ ನಿನ್ನ ಲೆಕ್ಕವನ್ನು ಎಂಥದಕ್ಕೆ ಬಳಸಿದರು, ಓದಿದ್ದೀಯಾ?" ಓದಿರಲಿಲ್ಲ. "ರಾಮನ್-ನಾಥ್ ಅಂತ ಬರೆಯುವವರೆಲ್ಲ ಮೂಲ ಲೇಖನದ ಹೆಸರು ಹಾಕ್ತಾರಾ? ಹೆಸರೇ ಮಾತಾಗಿ ಹೋಗಿದೆ ಮಾರಾಯ. ಅದನ್ನು ಯಾರು ಎಣಿಸ್ತಾರೆ?"

ಸರ್ ಹೇಳಿದ್ದು ನಿಜ. ಲೇಸರ್ ಕಿರಣವನ್ನು ಶಬ್ದದಿಂದ ತಿರುಗಿಸುವವರು ಇಂದಿಗೂ ಆ ಹೆಸರನ್ನು ಬಳಸುತ್ತಾರೆ. 1980ರ ದಶಕದಲ್ಲಿ ಪಾತ್ರಗಳೇ ಅದಲುಬದಲಾದವು. ಬೆಳಕಿನ ನಿಂತ ಅಲೆಯಿಂದ ಪರಮಾಣುಗಳನ್ನು ಚದುರಿಸಿದರು, ಅಲ್ಲೂ ಅದೇ ಲೆಕ್ಕ.

ಆ ರಾತ್ರಿಯೇ ನಾಲ್ಕೂ ಲೇಖನ ಓದಿದೆ. ಮೂರರಲ್ಲಿ ನನ್ನ ಹೆಸರು ಸುಮ್ನೆ ಪಟ್ಟಿಯಲ್ಲಿ ಬಂದಿತ್ತು. ನಾಲ್ಕನೆಯವರು ನನ್ನ ಒಂದು ಸಮೀಕರಣವನ್ನು ತೆಗೆದುಕೊಂಡು, ಅದರಲ್ಲಿದ್ದ ತಪ್ಪು ತಿದ್ದಿ ಮುಂದೆ ಹೋಗಿದ್ದರು. ಬೆಳಗ್ಗೆ ಸರ್‌ಗೆ ಫೋನ್ ಮಾಡಿ ಹೇಳಿದೆ. "ಮೊದಲು ಅವರಿಗೊಂದು ಕಾಗದ ಬರಿ" ಅಂದರು.