ಟ್ರೇಲರ್ ಕಟ್ಟಿಕೊಂಡು ಅಮೆರಿಕದ ಮರುಭೂಮಿಗೆ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಎಳೆದುಕೊಂಡು ಈ ಕಡೆ ಹೋಗಬೇಡಿ. ಮಕ್ಕಳಿಗೆ ರಜೆ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಹಾಗಾಗಿ ನಮ್ಮವರಲ್ಲಿ ಹೆಚ್ಚಿನವರು ಬೇಸಿಗೆಯಲ್ಲೇ ಹೊರಡುವುದು, ಗೊತ್ತು. ಆದರೆ ಆ ತಿಂಗಳುಗಳಲ್ಲಿ ಟೈರು, ರೇಡಿಯೇಟರ್, ಫ್ರಿಜ್ಜು, ಮನುಷ್ಯ ಎಲ್ಲವೂ ಒಟ್ಟಿಗೆ ಸೋಲುತ್ತವೆ. ಮಾರ್ಚ್-ಏಪ್ರಿಲ್ ಚೆನ್ನ, ಗಾಳಿ ಜಾಸ್ತಿ ಇರುತ್ತದೆ ಅಷ್ಟೇ. ಅಕ್ಟೋಬರ್-ನವೆಂಬರ್ ಇನ್ನೂ ಚೆನ್ನ. ನಾವು ಅಕ್ಟೋಬರ್ ಕೊನೆಗೆ ಹೋದೆವು.

ನಮ್ಮದು ಪಿಕಪ್ ಟ್ರಕ್ಕು, ಹಿಂದೆ ಎರಡು ಆಕ್ಸಲ್‌ನ 20 ಅಡಿ ಟ್ರೇಲರ್. ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಬೇಕರ್ಸ್‌ಫೀಲ್ಡ್, ಬಾರ್ಸ್ಟೋ, ಲಾಸ್ ವೇಗಸ್, ಜಾಯನ್, ಕನಾಬ್, ಪೇಜ್, ಮಾನ್ಯುಮೆಂಟ್ ವ್ಯಾಲಿ, ವಾಪಸ್ ಬರುವಾಗ ಫ್ಲಾಗ್‌ಸ್ಟಾಫ್ ಮತ್ತು ನೀಡಲ್ಸ್. ಜಾಗಗಳ ವರ್ಣನೆ ಎಲ್ಲೆಡೆ ಸಿಗುತ್ತದೆ, ನಾನು ಬರೆಯುವುದಿಲ್ಲ. ಗಾಡಿ ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಯಾಕೆಂದರೆ ಈ ದಾರಿಯಲ್ಲಿ ಏನಾದರೂ ಒಂದು ಕೆಟ್ಟೇ ಕೆಡುತ್ತದೆ. ಅದಕ್ಕೇ ಹೊರಡುವಾಗಲೇ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಪ್ರತಿ ರಾತ್ರಿಯೂ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿಟ್ಟರೆ, ಸಂಜೆಯೊಳಗೆ ತಲುಪಬೇಕು ಅನ್ನುವ ಆತುರದಲ್ಲಿ ಬಿಸಿಯಾದ ಚಕ್ರವನ್ನೂ ನೋಡದೆ ಓಡಿಸುತ್ತೀರಿ. ಜೊತೆಗೆ ಹಿಂದೆ ಬಿಟ್ಟ ಯಾವ ಊರಲ್ಲಿ ಬಿಡಿಭಾಗ ಸಿಗುತ್ತದೆ, ಮುಂದೆ ಯಾವ ಊರಲ್ಲಿ ಅಂತ ಸದಾ ತಲೆಯಲ್ಲಿರಲಿ. ಈ ದಾರಿಯಲ್ಲಿ ಬಾರ್ಸ್ಟೋ, ವೇಗಸ್, ಸೇಂಟ್ ಜಾರ್ಜ್, ಪೇಜ್, ಫ್ಲಾಗ್‌ಸ್ಟಾಫ್, ಕಿಂಗ್‌ಮನ್, ಇಷ್ಟೇ ಅಂತ ಇಟ್ಟುಕೊಳ್ಳಿ. ಯೂಟಾದ ಸಣ್ಣ ಊರುಗಳಲ್ಲಿ ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮನೆಯಲ್ಲೇ ಮುಗಿಸಬೇಕಾದ ಕೆಲಸದಲ್ಲಿ ಮೊದಲನೆಯದು ಟೈರು. ಟ್ರೇಲರ್ ಟೈರು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಹೆಚ್ಚು. ವರ್ಷದಲ್ಲಿ ಹತ್ತು ತಿಂಗಳು ಬಿಸಿಲಲ್ಲಿ ನಿಂತಿರುತ್ತದಲ್ವಾ! ಮೇಲೆ ನೋಡಿದರೆ ಹೊಸದರ ಹಾಗೆ ಕಾಣುತ್ತದೆ, ಒಳಗೆ ರಬ್ಬರ್ ಬಿರಿದಿರುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ 4 ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. 5 ವರ್ಷ ದಾಟಿದ್ದರೆ ಬದಲಾಯಿಸಿ, ಚೌಕಾಸಿ ಬೇಡ. ಸ್ಟೆಪ್ನಿಯ ವಯಸ್ಸನ್ನೂ ಗಾಳಿಯನ್ನೂ ನೋಡಿ, ಅದನ್ನು ಯಾರೂ ನೋಡುವುದಿಲ್ಲ. ಗಾಳಿ ಪರೀಕ್ಷೆ ಬೆಳಗ್ಗೆ ಹೊರಡುವ ಮೊದಲು, ಟೈರು ತಣ್ಣಗಿದ್ದಾಗ ಮಾಡಬೇಕು. ಮಧ್ಯಾಹ್ನ ಒತ್ತಡ ಏರಿದೆ ಅಂತ ಗಾಳಿ ಬಿಡಬೇಡಿ, ಬಿಸಿಗೆ ಏರುವುದು ಸಹಜ. ಬಿಟ್ಟರೆ ಟೈರು ಇನ್ನಷ್ಟು ಬಳುಕಿ ಇನ್ನಷ್ಟು ಬಿಸಿಯಾಗುತ್ತದೆ.

ವೇಗದ ವಿಷಯ. ಟ್ರೇಲರ್‌ಗೆಂದೇ ಬರುವ ಎಸ್‌ಟಿ ಟೈರುಗಳಲ್ಲಿ ಬಹಳಷ್ಟು 65 ಮೈಲಿ ವೇಗಕ್ಕೆ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವ ಗಾಡಿಗೆ ಕಾನೂನಿನ ಮಿತಿಯೇ 55. ನೆವಾಡಾ ಗಡಿ ದಾಟಿದ ಕೂಡಲೇ ಎಲ್ಲರೂ 80ರಲ್ಲಿ ಹೋಗುತ್ತಾರೆ, ಹೋಗಲಿ. ನೀವು ಬಲಗಡೆ ಲೇನಿನಲ್ಲಿ 60ರಲ್ಲಿ ಇರಿ.

ತೂಕವನ್ನೂ ಸುಮ್ನೆ ಅಂದಾಜು ಮಾಡಬೇಡಿ. ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇಡೀ ಗಾಡಿ ತೂಗುವ ತಕ್ಕಡಿ ಇರುತ್ತದೆ, ನೀರು, ಸಾಮಾನು, ಜನ ಎಲ್ಲ ತುಂಬಿಕೊಂಡೇ ತೂಗಿಸಿ. ಟ್ರೇಲರ್ ತೂಕದ 10ರಿಂದ 15 ಶೇಕಡಾ ಹಿಚ್ (ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳಬೇಕು. ನಮ್ಮ ಮನೆಗಳಲ್ಲಿ ಅಕ್ಕಿ ಮೂಟೆ, ಗ್ರೈಂಡರು, ಕುಕ್ಕರು ಎಲ್ಲ ಹಿಂದಿನ ಅಡುಗೆ ಮೂಲೆಗೆ ತುಂಬುತ್ತಾರೆ, ಮುಂಭಾಗ ಹಗುರವಾಗಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಹಾಗೆ ಓಲಾಡಿದರೆ ಟ್ರಕ್ಕಿನ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಟ್ರಕ್ಕಿನೊಳಗಿನ ಬ್ರೇಕ್ ಕಂಟ್ರೋಲರ್‌ನ ಗುಂಡಿಯಿಂದ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಧಾನ ಓಡಿಸುತ್ತಾ ಆ ಗುಂಡಿ ಕೈಗೆ ತಾನಾಗಿ ಸಿಗುವ ತನಕ ಅಭ್ಯಾಸ ಮಾಡಿಕೊಳ್ಳಿ.

ಈಗ ಘಾಟಿಗಳು. ಬಾರ್ಸ್ಟೋದಿಂದ ವೇಗಸ್‌ಗೆ ಹೋಗುವ ಐ-15 ಹೆದ್ದಾರಿಯಲ್ಲಿ ಬೇಕರ್ ಅಂತ ಒಂದು ಪುಟ್ಟ ಊರು ಬರುತ್ತದೆ. ಅಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ, ಹತ್ತಿರದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ನೆನಪಿಗೆ. ಮಕ್ಕಳಿಗೆ ಫೋಟೋ ಆಯಿತು. ಅಲ್ಲಿಂದ ಮುಂದೆ ಸುಮಾರು 17 ಮೈಲಿಯಲ್ಲಿ 3000 ಅಡಿ ಏರಬೇಕು. ನೋಡಲು ರಸ್ತೆ ಚಪ್ಪಟೆಯಾಗಿಯೇ ಕಾಣುತ್ತದೆ, ಆಗುಂಬೆಯ ಹಾಗೆ ತಿರುವುಗಳಿದ್ದರೆ ಘಾಟಿ ಅಂತ ಗೊತ್ತಾಗುತ್ತಿತ್ತು. ಇಲ್ಲಿ ಎಂಜಿನ್ನಿಗೆ ಮಾತ್ರ ಗೊತ್ತಾಗುತ್ತದೆ. ಎಸಿ ಆರಿಸಿ ಅಂತ ರಸ್ತೆ ಬದಿಯಲ್ಲೇ ಫಲಕ ಹಾಕಿದ್ದಾರೆ, ತಮಾಷೆಗೆ ಹಾಕಿದ್ದಲ್ಲ. ಬೆಳಗ್ಗೆ 9ರೊಳಗೆ ಇದನ್ನು ಹತ್ತಿ ಮುಗಿಸಿ. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಮೋಡ್ ಹಾಕಿ, 45ರಲ್ಲಿ ಹೋದರೂ ನಾಚಿಕೆ ಬೇಡ. ಎಂಜಿನ್ ಶಾಖದ ಮುಳ್ಳು ಏರುತ್ತಿದ್ದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಕಾರಿನೊಳಗೆ ಬೆಂದುಹೋಗುತ್ತೀರಿ ನಿಜ, ಆದರೆ ಎಂಜಿನ್ನಿನ ಶಾಖ ಅಷ್ಟರಮಟ್ಟಿಗೆ ಹೊರಗೆ ಬರುತ್ತದೆ. ಆದರೂ ಇಳಿಯದಿದ್ದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಬಾನೆಟ್ ತೆಗೆದು ಕಾಯಿರಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಇಳಿಯುವಾಗ ಕೆಳಗಿನ ಗೇರ್, ಬ್ರೇಕ್ ಆಗಾಗ ಒತ್ತಿ ಬಿಡುವುದು. ಒತ್ತಿಕೊಂಡೇ ಇಳಿದರೆ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕೇ ಇರುವುದಿಲ್ಲ.

ನಮಗೆ ಮೊದಲು ಕೈಕೊಟ್ಟಿದ್ದು ಚಕ್ರದ ಬೇರಿಂಗು. ಅದನ್ನು ಹಿಡಿದುಕೊಟ್ಟದ್ದು ದೂರದಿಂದಲೇ ಶಾಖ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್. ಸಣ್ಣ ಬೆಲೆಯ ವಸ್ತು, ತೆಗೆದುಕೊಳ್ಳಿ. ಪೆಟ್ರೋಲ್‌ಗೆ ನಿಂತಾಗಲೆಲ್ಲ ನಾಲ್ಕು ಚಕ್ರದ ಹಬ್ಬಿಗೂ (ಬೇರಿಂಗ್ ಕೂತಿರುವ ನಡುಭಾಗ) ಹಿಡಿದು ನೋಡುವುದು ಅಪ್ಪನ ಡ್ಯೂಟಿ. ದಾವಣಗೆರೆಯಲ್ಲಿ ಬಿಪಿ ನೋಡಿಕೊಂಡು ಡೈರಿಯಲ್ಲಿ ಬರೆಯುವ ಮನುಷ್ಯ, ಇಲ್ಲಿ ಚಕ್ರದ ಜ್ವರ ಬರೆದರು. ಕನಾಬ್‌ನಲ್ಲಿ ಮೂರು ಹಬ್ಬು 110 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಹಿಂದಿನ ಎಡಗಡೆಯದು 170. ಅಂಕಿ ಎಷ್ಟು ಅನ್ನುವುದಕ್ಕಿಂತ ಒಂದು ಉಳಿದವುಗಳಿಗಿಂತ ಬೇರೆಯಾಗಿದೆಯಾ ಅನ್ನುವುದನ್ನು ನೋಡಬೇಕು. ಬಗ್ಗಿ ನೋಡಿದರೆ ಚಕ್ರದ ಒಳಬದಿಗೆ ಗ್ರೀಸು ಸೋರಿತ್ತು. ಗ್ರೀಸು ತಡೆಯುವ ಸೀಲ್ ಹೋಗಿದೆ ಅಂತ ಅರ್ಥ. ಹಾಗೇ ಓಡಿಸಿದರೆ ಗ್ರೀಸು ಖಾಲಿಯಾಗಿ ಬೇರಿಂಗ್ ಕಚ್ಚಿಕೊಳ್ಳುತ್ತದೆ, ಚಕ್ರವೇ ಕಳಚಿಹೋದದ್ದೂ ಉಂಟು.

ನಮ್ಮ ಆಕ್ಸಲ್ ಅಳತೆಯ ಬೇರಿಂಗ್ ಜೋಡಿ, ಸೀಲ್, ಕಾಟರ್ ಪಿನ್, ಗ್ರೀಸು ಜೊತೆಗೇ ಇತ್ತು. ಇದನ್ನು ಒತ್ತಿ ಹೇಳುತ್ತೇನೆ. ಸಣ್ಣ ಊರಿನ ಅಂಗಡಿಯಲ್ಲಿ ಮೆಕ್ಯಾನಿಕ್ ಸಿಗಬಹುದು, ನಿಮ್ಮ ಅಳತೆಯ ಸೀಲ್ ಸಿಗಲಾರದು. ಭಾಗ ಕೈಯಲ್ಲಿದ್ದರೆ ಯಾರಾದರೂ ಹಾಕಿಕೊಡುತ್ತಾರೆ. ನಾವೇ ಕ್ಯಾಂಪ್‌ಗ್ರೌಂಡಿನಲ್ಲಿ ಹಾಕಿಕೊಂಡೆವು, ಒಂದು ಮಧ್ಯಾಹ್ನದ ಕೆಲಸ. ಜಾಕ್ ಅನ್ನು ಆಕ್ಸಲ್‌ಗೆ ಕೊಡದೆ ಚಾಸಿಗೆ (ತಳದ ಚೌಕಟ್ಟಿಗೆ) ಕೊಡಿ, ಆಕ್ಸಲ್ ಬಾಗಬಹುದು. ಹಬ್ಬು ಎಳೆಯುವಾಗ ಹೊರಗಿನ ಬೇರಿಂಗ್ ಮಣ್ಣಿಗೆ ಬೀಳದಂತೆ ಕೈ ಒಡ್ಡಿ. ಬ್ರೇಕ್ ಶೂಗೆ ಗ್ರೀಸು ತಾಗಿದ್ದರೆ ಆ ಚಕ್ರ ಸರಿಯಾಗಿ ಬ್ರೇಕ್ ಹಿಡಿಯುವುದಿಲ್ಲ, ಶೂ ಬದಲಾಯಿಸುವ ತನಕ ಮುಂದಿನ ಗಾಡಿಯಿಂದ ದೂರ ಬಿಟ್ಟು ಓಡಿಸಿ. ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿಮಾಡಿ, ಮತ್ತೆ ಸಡಿಲಿಸಿ, ಬರೀ ಬೆರಳಲ್ಲಿ ಎಷ್ಟು ಬರುತ್ತದೋ ಅಷ್ಟೇ ಬಿಗಿಯಿಟ್ಟು ಹೊಸ ಪಿನ್ ಹಾಕಿ.

ಟೈರು ಹೋಗಿದ್ದು ಪೇಜ್ ದಾಟಿ ಕಯೆಂಟಾ ಹತ್ತಿರ. ಒಂದು ಬೋಲ್ಟು ಚುಚ್ಚಿತ್ತು, ಹೊಸ ಟೈರಾದರೂ ಬೋಲ್ಟಿಗೆ ಏನು ಮಾಡುತ್ತದೆ. ಗಾಳಿಯೊತ್ತಡ ತೋರಿಸುವ ಟಿಪಿಎಂಎಸ್ ಕೂಗಿದ್ದರಿಂದ ಸಿಡಿಯುವ ಮೊದಲೇ ನಿಲ್ಲಿಸಿದೆವು. ಎರಡು ಆಕ್ಸಲ್ ಇದ್ದಾಗ ಒಂದು ಟೈರು ಹೋದದ್ದು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಅಷ್ಟರಲ್ಲಿ ರಬ್ಬರ್ ಚಿಂದಿಯಾಗಿ ಬಡಿದು ಟ್ರೇಲರ್ ತಳದ ಪೈಪು, ಬ್ರೇಕ್ ತಂತಿ ಎಲ್ಲ ಕಿತ್ತುಹಾಕಿರುತ್ತದೆ. ಹಾಗಾಗಿ ಟಿಪಿಎಂಎಸ್ ಇಲ್ಲದೆ ಹೊರಡಬೇಡಿ.

ಬದಲಾಯಿಸಲು ಜಾಕ್ ಕೂಡ ಬೇಕಾಗಲಿಲ್ಲ. ಅದೇ ಬದಿಯ ಒಳ್ಳೆ ಟೈರಿನ ಮುಂದೆ ಲೆವೆಲ್ ಮಾಡುವ ಪ್ಲಾಸ್ಟಿಕ್ ದಿಮ್ಮಿಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಟ್ರಕ್ಕನ್ನು ನಿಧಾನ ಮುಂದೆ ತಂದರೆ ಆ ಟೈರು ಮೇಲೇರುತ್ತದೆ, ಕೆಟ್ಟದ್ದು ಗಾಳಿಯಲ್ಲಿ ನೇತಾಡುತ್ತದೆ. ನಟ್ಟುಗಳನ್ನು ಅದಕ್ಕೆ ಮೊದಲೇ ಸ್ವಲ್ಪ ಸಡಿಲಿಸಿಕೊಳ್ಳಬೇಕು. ಹಿಚ್ ಬಿಚ್ಚಬೇಡಿ, ಇನ್ನೊಂದು ಬದಿಯ ಚಕ್ರಗಳಿಗೆ ಅಡೆ ಕೊಡಿ, ದೂರದಲ್ಲಿ ತ್ರಿಕೋನ ಫಲಕ ಇಡಿ. ಮಕ್ಕಳು, ಹಿರಿಯರು ರಸ್ತೆಯಿಂದ ಆಚೆ ನಿಲ್ಲಲಿ. ಕಾರಿನ ಪಾನಾ ಟ್ರೇಲರ್ ನಟ್ಟಿಗೆ ಕೂರುವುದಿಲ್ಲ, ಮನೆಯಲ್ಲೇ ಹಾಕಿ ನೋಡಿ. ಮತ್ತೆ 50 ಮೈಲಿ ಓಡಿಸಿ ನಟ್ಟು ಇನ್ನೊಮ್ಮೆ ಬಿಗಿಮಾಡಿ, ಸಡಿಲವಾಗಿರುತ್ತವೆ. ನಾವು ಒದ್ದಾಡುವಾಗ ಪಿಕಪ್‌ನಲ್ಲಿ ಬಂದ ನವಾಹೊ ಮೂಲನಿವಾಸಿ ಹಿರಿಯರೊಬ್ಬರು ತಾವಾಗಿಯೇ ಹಿಂದೆ ದೀಪ ಹಾಕಿಕೊಂಡು ನಿಂತರು, ಕೆಲಸ ಮುಗಿಯುವ ತನಕ ಹೋಗಲಿಲ್ಲ. ದುಡ್ಡು ಬೇಡವೆಂದರು, ಅಮ್ಮ ಕೊಟ್ಟ ಕೋಡುಬಳೆ ತೆಗೆದುಕೊಂಡರು. ಅದು ಅವರ ನೆಲ ಅನ್ನುವುದು ನೆನಪಿರಲಿ. ಅಲ್ಲಿ ಮದ್ಯ ನಿಷೇಧ, ಸಿಕ್ಕಲ್ಲಿ ಟ್ರೇಲರ್ ನಿಲ್ಲಿಸಿ ಮಲಗುವ ಹಾಗಿಲ್ಲ, ಬೇಸಿಗೆಯಲ್ಲಿ ಗಡಿಯಾರವೂ ಉಳಿದ ಅರಿಜೋನಾಗಿಂತ 1 ಗಂಟೆ ಮುಂದಿರುತ್ತದೆ. ಸ್ಟೆಪ್ನಿ ಖರ್ಚಾದ ಮೇಲೆ ಫ್ಲಾಗ್‌ಸ್ಟಾಫ್‌ನಲ್ಲಿ ಹೊಸ ಟೈರು ಕೊಳ್ಳುವ ತನಕ ಡಾಂಬರು ಬಿಟ್ಟು ಇಳಿಯಲಿಲ್ಲ.

ಫೋನು ಬಹಳ ಕಡೆ ಸತ್ತಿರುತ್ತದೆ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ಐಫೋನ್ 14 ಅಥವಾ ಅದಕ್ಕಿಂತ ಹೊಸದಾದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಹೋಗುತ್ತದೆ, ಹೇಗೆ ಅಂತ ಮನೆಯಲ್ಲೇ ಕಲಿತಿರಿ. ತುರ್ತು ಸಹಾಯದ 911ಕ್ಕೆ ಮಾತಾಡುವಾಗ ರಸ್ತೆ ಸಂಖ್ಯೆ, ಮೈಲಿ ಕಂಬದ ಸಂಖ್ಯೆ ಹೇಳಿ. ಜಿಪಿಎಸ್ ಹೇಳಿದ ಹಾಗೆ ಕೇಳಬೇಡಿ. ಯೂಟಾದ 261ನೇ ಹೆದ್ದಾರಿಯಲ್ಲಿ ಮೋಕಿ ಡಗ್ವೇ ಅನ್ನುವ ಜಲ್ಲಿ ರಸ್ತೆ ಬಂಡೆಯ ಅಂಚಿನಲ್ಲಿ ಸಾವಿರಕ್ಕೂ ಹೆಚ್ಚು ಅಡಿ ಇಳಿಯುತ್ತದೆ, ಟ್ರೇಲರ್‌ಗೆ ಅಲ್ಲ. ಜಾಯನ್ ರಾಷ್ಟ್ರೀಯ ಉದ್ಯಾನದ 1930ರ ಸುರಂಗಕ್ಕೂ ದೊಡ್ಡ ಗಾಡಿಗಳಿಗೆ ಕಟ್ಟುಪಾಡಿದೆ. ಎತ್ತರ, ಅಗಲ, ಉದ್ದ ಅಳೆದು ಪಾರ್ಕಿನ ವೆಬ್‌ಸೈಟ್ ನೋಡಿ ಹೋಗಿ.

ನೀರು ತಲೆಗೆ ದಿನಕ್ಕೆ 1 ಗ್ಯಾಲನ್, ರೇಡಿಯೇಟರಿಗೆ ಬೇರೆ. ಅದು ಟ್ರೇಲರ್ ಟ್ಯಾಂಕಿನಲ್ಲಿ ಮಾತ್ರ ಇದ್ದರೆ ಸಾಲದು, ಟ್ರಕ್ಕಿನೊಳಗೂ ಇರಲಿ. ಓಡುವ ಟ್ರೇಲರ್‌ನಲ್ಲಿ ಯಾರನ್ನೂ ಕೂರಿಸಬೇಡಿ. ಅಪ್ಪ ಅಮ್ಮ ಸ್ವಲ್ಪ ಮಲಗಲಿ ಅಂತ ಅನಿಸುತ್ತದೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಬಿಡುವುದಿಲ್ಲ. ಗಂಟೆಗೊಮ್ಮೆ ನಿಲ್ಲಿಸಿ, ಅವರಿಗೂ ಬೇಕು, ಹಬ್ಬಿಗೂ ಬೇಕು. ರಾತ್ರಿ ಮರುಭೂಮಿ ಚಳಿ, ಹೀಟರ್ ಫ್ಯಾನು ಬೆಳಗಾಗುವಷ್ಟರಲ್ಲಿ ಟ್ರೇಲರ್ ಬ್ಯಾಟರಿ ಮುಗಿಸಿರುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಗೂ ಅದೇ ಬ್ಯಾಟರಿ, ಹಾಗಾಗಿ ಚಾರ್ಜ್ ಆಗದೆ ಹೊರಡಬೇಡಿ.

ದಾರಿಯಲ್ಲಿ ಕೆಟ್ಟ ಗಾಡಿಗೆ ನೆರವಾಗುವ ಎಎಎ ಸಂಘದ ಸದಸ್ಯತ್ವ ಇದೆಯಲ್ಲ ಅಂತ ಧೈರ್ಯವಾಗಿರುವವರು ಕಾರ್ಡ್ ತೆಗೆದು ನೋಡಿ. ಮಾಮೂಲಿ ಕಾರಿನ ಸದಸ್ಯತ್ವದಲ್ಲಿ ಸಾಮಾನ್ಯವಾಗಿ ಟ್ರೇಲರ್ ಸೇರಿರುವುದಿಲ್ಲ, ಆರ್‌ವಿ (ವಾಸದ ಗಾಡಿ, ಟ್ರೇಲರ್) ಸೇರಿಸಿದ ದರ್ಜೆ ಬೇಕು. ಎಷ್ಟು ಮೈಲಿ ಎಳೆದುಕೊಂಡು ಹೋಗುತ್ತಾರೆ ಅಂತಲೂ ನೋಡಿ. ಕಯೆಂಟಾದಿಂದ ಫ್ಲಾಗ್‌ಸ್ಟಾಫ್ ಸುಮಾರು 150 ಮೈಲಿ. ಇನ್ನು ಟ್ರೇಲರ್ ಬಾಡಿಗೆಗೆ ತರುವವರು ಎಳೆಯಲು ಬಾಡಿಗೆ ಕಾರು ನೆಚ್ಚಿಕೊಳ್ಳಬೇಡಿ, ಸಾಮಾನ್ಯವಾಗಿ ಅವರ ಕರಾರಿನಲ್ಲಿ ಏನನ್ನೂ ಎಳೆಯುವಂತಿಲ್ಲ ಅಂತಿರುತ್ತದೆ. ಟ್ರೇಲರ್ ಮಾಲೀಕರ ಮುಂದೆಯೇ ಟೈರಿನ 4 ಅಂಕಿ ಓದಿ, ಬೇರಿಂಗಿಗೆ ಗ್ರೀಸು ಹಾಕಿದ್ದು ಯಾವಾಗ ಅಂತ ಕೇಳಿ, ದಾರಿಯಲ್ಲಿ ಟೈರು ಹೋದರೆ ಖರ್ಚು ಯಾರದು ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ.